ಅಂಗಡಿಯಲ್ಲಿ ಮಗು ದುಡಿಯುತ್ತಿದ್ದರೆ: ದೂರು ಕೊಡುವುದು ಹೇಗೆ, ಕೊಟ್ಟ ಮೇಲೆ ಏನು ಮಾಡಬೇಕು

ಗ್ಯಾರೇಜಿನಲ್ಲೋ ಬೇಕರಿಯಲ್ಲೋ ಪುಟ್ಟ ಹುಡುಗನೊಬ್ಬ ಕೆಲಸ ಮಾಡುವುದು ಕಂಡರೆ ಮಾಲೀಕನ ಹತ್ತಿರ ಜಗಳಕ್ಕೆ ಹೋಗಬೇಡಿ. ಕೋಪ ಬರುತ್ತದೆ, ಗೊತ್ತು. ಆದರೆ ನೀವು ಬೈದು ಬಂದ ರಾತ್ರಿಯೇ ಆ ಹುಡುಗನನ್ನು ಬೇರೆ ಏರಿಯಾದ ಶೆಡ್ಡಿಗೆ ಸಾಗಿಸಿಬಿಡುತ್ತಾರೆ. ಮರುದಿನ ಅಧಿಕಾರಿ ಬಂದರೆ ಅಲ್ಲಿ ಯಾರೂ ಇರುವುದಿಲ್ಲ. ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ. ಇಂಥ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ನಾನು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಸುತ್ತ ಲೇತ್ ಮೆಷಿನ್ನು, ಪ್ಲೇಟಿಂಗ್ ಶೆಡ್ಡು. ದಸರಾ ರಜೆ ಮುಗಿದ ಮೇಲೆ ಹಾಜರಿ ಕರೆದಾಗ ಯಾವ ಹೆಸರಿಗೆ ಉತ್ತರ ಬರಲಿಲ್ಲ ಅಂತ ನೋಡಿದರೆ ಅರ್ಧ ವಿಷಯ ತಿಳಿಯುತ್ತಿತ್ತು. ಮನೆಗೆ ಹೋಗಿ ಕೇಳಿದರೆ, "ಕೆಲಸ ಕಲೀಲಿ ಅಂತ ಬಿಟ್ಟಿದ್ದೀವಿ ಮಿಸ್" ಅನ್ನುತ್ತಿದ್ದರು. ಮಗು ಹೇಳದೆ ಕೇಳದೆ ಸತತ 30 ದಿನ ಬರದಿದ್ದರೆ ಮುಖ್ಯ ಶಿಕ್ಷಕರು ನೋಡಲ್ ಅಧಿಕಾರಿಗೆ (ಈ ಕಾಯ್ದೆ ಜಾರಿಗೆ ಜಿಲ್ಲೆಯಲ್ಲಿ ನೇಮಿಸಿದ ಅಧಿಕಾರಿ) ತಿಳಿಸಬೇಕು ಅಂತ ಬಾಲಕಾರ್ಮಿಕ ನಿಯಮ ಹೇಳುತ್ತದೆ. ನನ್ನ ಕೇಳಿದರೆ ಅಷ್ಟು ದಿನ ಕಾಯಲೇಬಾರದು. ಒಂದು ವಾರ ಕಾಣದಿದ್ದರೆ ಮನೆ ಬಾಗಿಲಿಗೆ ಹೋಗಬೇಕು.

ಕಾನೂನು ಇಷ್ಟೇ. 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಎಲೆಕ್ಟ್ರೋಪ್ಲೇಟಿಂಗ್, ಅಂದರೆ ಲೋಹಕ್ಕೆ ಲೇಪ ಹಾಕುವ ಕೆಲಸ, ಈ ಅಪಾಯದ ಪಟ್ಟಿಯಲ್ಲಿದೆ. "ಇವನು ನಮ್ಮ ಸಂಬಂಧಿಕರ ಹುಡುಗ" ಎನ್ನುವ ಮಾತಿಗೆ ಮರುಳಾಗಬೇಡಿ. ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಇಷ್ಟು ಜನರನ್ನು ಮಾತ್ರ ಕಾಯ್ದೆ ಕುಟುಂಬ ಅನ್ನುತ್ತದೆ. ಇವರ ಸ್ವಂತ ಕಸುಬಿಗೆ ಮಾತ್ರ ವಿನಾಯಿತಿ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸುವುದಕ್ಕೆ ಮಾತ್ರ.

ದೂರು ಕೊಡುವ ಮೊದಲು ಸುಮ್ನೆ ಗಮನಿಸಿ. ಬೋರ್ಡಿನ ಮೇಲಿನ ಹೆಸರು, ಮೇನ್, ಕ್ರಾಸ್, ಪಕ್ಕದ ದೇವಸ್ಥಾನವೋ ಟ್ರಾನ್ಸ್‌ಫಾರ್ಮರೋ ಬರೆದಿಟ್ಟುಕೊಳ್ಳಿ. ಕೆಲಸ ನೆಲಮಾಳಿಗೆಯಲ್ಲೋ ಟೆರೇಸ್ ಶೆಡ್ಡಿನಲ್ಲೋ ಅನ್ನುವುದು ಬಹಳ ಮುಖ್ಯ. ಎಷ್ಟು ಮಕ್ಕಳು, ಯಾವ ಹೊತ್ತಿನಲ್ಲಿ ಇರುತ್ತಾರೆ? ರಾತ್ರಿ ಅಲ್ಲೇ ಮಲಗುತ್ತಾರಾ? ಮಲಗುತ್ತಿದ್ದರೆ ಅದನ್ನು ದೂರಿನ ಮೊದಲ ಸಾಲಿನಲ್ಲೇ ಹೇಳಿ. ರಾಯಚೂರು, ಯಾದಗಿರಿ ಕಡೆಯಿಂದಲೋ ಬಿಹಾರದಿಂದಲೋ ಮನೆಯವರಿಗೆ ಮುಂಗಡ ಕೊಟ್ಟು ಕರೆತಂದ ಮಕ್ಕಳಾಗಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದು ಕಾಯ್ದೆಯೂ ಅನ್ವಯಿಸುತ್ತದೆ.

ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತದೆ. ಮಗುವಿಗೆ ಹೊಡೆಯುತ್ತಿದ್ದರೆ 112. ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಹಾಗಾಗಿ "ಲೇಬರ್ ಆಫೀಸಿಗೆ ಹೋಗಿ" ಅಂತ ಪೊಲೀಸರು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಾದರೆ ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಬರವಣಿಗೆಯಲ್ಲೂ ದೂರು ಕೊಡಿ. ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಅಧಿಕಾರಿಗಳ ದಾಳಿ ನಡೆದ ದಿನ ಮಾಲೀಕ ಆಧಾರ್ ಜೆರಾಕ್ಸ್ ತೋರಿಸಿ "ಇವನಿಗೆ 18 ಆಗಿದೆ" ಅನ್ನಬಹುದು. ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಸಿಗೆ ಮೊದಲ ಸಾಕ್ಷಿ ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಶಿಕ್ಷಕರೇ, ಇಲ್ಲಿ ನಿಮ್ಮ ದಾಖಲಾತಿ ಪುಸ್ತಕಕ್ಕೆ ತುಂಬಾ ಬೆಲೆ ಇದೆ. ಕೇಳಿದ ದಿನವೇ ಪತ್ರ ಬರೆದು ಕೊಡಿ.

ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮಗು ಸಿಕ್ಕಿತು, ಪೇಪರಿನಲ್ಲಿ ಬಂತು, ಮುಗಿಯಿತು ಅಂತ. ಸ್ವಲ್ಪ ದಿನಕ್ಕೆ ಅದೇ ಹುಡುಗ ಇನ್ನೊಂದು ಶೆಡ್ಡಿನಲ್ಲಿರುತ್ತಾನೆ, ಮಾಲೀಕ ಇನ್ನೊಬ್ಬ ಹುಡುಗನನ್ನು ತಂದಿರುತ್ತಾನೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ. ದಾಳಿಗಿಂತ ಜಾಸ್ತಿ ಕೆಲಸ ಇರುವುದು ಆಮೇಲೆ.

ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ (ಇಂಥ ಮಕ್ಕಳ ರಕ್ಷಣೆ, ವಸತಿಯ ಬಗ್ಗೆ ತೀರ್ಮಾನಿಸುವ ಸಮಿತಿ) ಮುಂದೆ ಹಾಜರುಪಡಿಸಬೇಕು. ಹಾಜರುಪಡಿಸಿದರಾ ಕೇಳಿ. ಎಫ್‌ಐಆರ್ ಆಯಿತಾ, ಯಾವ ಸೆಕ್ಷನ್ ಹಾಕಿದರು ಅಂತಲೂ ಕೇಳಿ. ಬಾಲಕಾರ್ಮಿಕ ಕಾಯ್ದೆಯಡಿ ಮೊದಲ ತಪ್ಪಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಬರೀ ದಂಡ ಕಟ್ಟಿ ಹೊರಬರಲು ಇಲ್ಲೇ ದಾರಿ ಇದೆ, ಅಲ್ವಾ? ಆದ್ದರಿಂದ ಮಗುವನ್ನು ಕೂಡಿಹಾಕಿ ದುಡಿಸಿದ್ದರೆ ಅಥವಾ ಸಂಬಳ ಹಿಡಿದಿಟ್ಟುಕೊಂಡಿದ್ದರೆ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಕೂಡ ಹಾಕಿಸಿ. ಅದರಲ್ಲಿ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಇದೆ. ಜೀತವಾಗಿದ್ದರೆ ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಪಡೆಯಲೇಬೇಕು. ಮುಂದಿನ ಪರಿಹಾರ ಅದರ ಮೇಲೆ ನಿಂತಿರುತ್ತದೆ. ಬಾಕಿ ಸಂಬಳದ ಲೆಕ್ಕವನ್ನು ಅಂದೇ ಬರೆಸಿ.

ಮಗುವಿನ ತಾಯಿಯ ಹತ್ತಿರ ಕೂತು ಮಾತಾಡಿ. ಆಕೆ ಹೆದರಿರುತ್ತಾಳೆ. ಮೊದಲ ಸಲ ಹೆತ್ತವರಿಗೆ ಶಿಕ್ಷೆ ಇಲ್ಲ ಅಂತ ಕಾಯ್ದೆಯಲ್ಲೇ ಇದೆ, ಅದನ್ನು ಮೊದಲು ಹೇಳಿ. ಆಗ ಮಾತು ಹೊರಬರುತ್ತದೆ: ಗಂಡನ ಆಸ್ಪತ್ರೆ ಸಾಲ, ಬಾಡಿಗೆ ಬಾಕಿ, ರೇಷನ್ ಕಾರ್ಡ್ ಇಲ್ಲದಿರುವುದು. ಇವುಗಳಲ್ಲಿ ಒಂದನ್ನಾದರೂ ಬಗೆಹರಿಸಲು ಓಡಾಡಿ. ಹುಡುಗ ಶಾಲೆಯಲ್ಲಿ ಉಳಿಯುವುದು ಅದರಿಂದಲೇ. ಟಿಸಿ ಇಲ್ಲ, ವಯಸ್ಸಿನ ಪುರಾವೆ ಇಲ್ಲ ಅಂತ 6ರಿಂದ 14ರ ಮಗುವನ್ನು ಶಾಲೆ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ನೇರವಾಗಿ ಕೇಳಿ: ಈ ದೂರಿನ ಮೇಲೆ ತಪಾಸಣೆ ನಡೆದ ದಿನ ಯಾವುದು, ಎಫ್‌ಐಆರ್ ಸಂಖ್ಯೆ ಎಷ್ಟು, ಪ್ರಕರಣ ಯಾವ ಕೋರ್ಟಿನಲ್ಲಿದೆ, ಸರ್ಕಾರ ಮಗುವಿನ ಪುನರ್ವಸತಿ ನಿಧಿಗೆ ಹಾಕಬೇಕಾದ 15,000 ರೂಪಾಯಿ ಯಾವ ತಾರೀಖಿಗೆ ಜಮೆಯಾಯಿತು.