ಅತ್ತೆ ಮನೆಯ ಹೆಳವ

ಶಿರಾ ಕಡೆಯ ನಮ್ಮೂರಿಗೆ ಕೆಲವು ವರ್ಷಕ್ಕೊಮ್ಮೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಜಗಲಿಯಲ್ಲಿ ಕೂತು, ಬಟ್ಟೆ ಸುತ್ತಿದ ಪುಸ್ತಕ ಬಿಚ್ಚಿ, ನಮ್ಮ ತಾತ, ಮುತ್ತಾತ, ಅವರ ಅಣ್ಣತಮ್ಮಂದಿರು, ಯಾರು ಯಾವ ಊರಿನಿಂದ ಯಾಕೆ ಎದ್ದು ಬಂದರು ಎಂಬುದನ್ನೆಲ್ಲ ರಾಗವಾಗಿ ಓದಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳುಕಡ್ಡಿ ದುಡ್ಡು ಪಡೆದು ಹೋಗುತ್ತಾರೆ. ಒಮ್ಮೆ ಅವರು ಬಂದಾಗ ನಮ್ಮತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಅವರೂ ಊರಲ್ಲಿದ್ದರು. ಅತ್ತೆ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆತನದವರು. ಹುಟ್ಟಿದ್ದು ಚಾಂಪಿಯನ್ ರೀಫ್‌ನಲ್ಲಿ. ಪೂರ್ತಿ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, "ಏನಪ್ಪಾ, ನಿಮ್ಮನೆಯವರದ್ದು ಈತ ಓದ್ತಾನೆ. ನಮ್ಮ ಕಡೆಯವರದ್ದು ಯಾರು ಓದ್ತಾರೆ?" ಅಂದರು.

ಅದಾಗಿ ಎರಡು ವರ್ಷಕ್ಕೆ ನನಗೆ ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್‌ಗೆ ಹೋಗಬೇಕಾಗಿ ಬಂತು. ಮೂರು ವರ್ಷ ಅಲ್ಲಿದ್ದೆ. ಶನಿವಾರಗಳು ಖಾಲಿ ಇದ್ದವು. ಹಾಗೆ ಶುರುವಾಯಿತು.

ಅತ್ತೆಯ ಹತ್ತಿರ ಇದ್ದದ್ದು ಒಂದು ಬಿಸ್ಕತ್ ಡಬ್ಬಿ. ಅದರಲ್ಲಿ ಎರಡು ಫೋಟೊ, ಅವರ ತಂದೆಯ ದೀಕ್ಷಾಸ್ನಾನದ ಚೀಟಿ, ಅಜ್ಜ ಅಜ್ಜಿಯ ಮದುವೆಯ ಚರ್ಚ್ ಪತ್ರದ ನಕಲು. ಜೊತೆಗೆ ಎರಡು ಕಥೆ. ಅಜ್ಜ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರಂತೆ, ಊರು ಇಂಗ್ಲೆಂಡಿನ ಕಾರ್ನ್‌ವಾಲ್. ಅಜ್ಜಿಯ ಅಪ್ಪ ಐರ್ಲೆಂಡಿನವರು, ಯಾವುದೋ ರಾಜಮನೆತನದ ಕುಡಿಯಂತೆ. ಐರಿಷ್ ಮೂಲ ಹೇಳಿಕೊಳ್ಳುವ ಯಾವ ಮನೆಗೆ ಹೋದರೂ ಈ ರಾಜಮನೆತನ ಮಾತ್ರ ತಪ್ಪದೆ ಸಿಗುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬದುಕಿರುವ ನೆಂಟರು ಇರುವುದರಿಂದ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಎರಡೂ ಆ ಕಡೆಗಳಲ್ಲಿ ನಮ್ಮ ರಂಗಪ್ಪ, ತಿಮ್ಮಪ್ಪನಷ್ಟೇ ಸಾಮಾನ್ಯ ಎಂದರೆ ಸಾಕು.

ಮೊದಲ ದಿನವೇ ನಾನು ಮಾಡಿದ ತಪ್ಪು ಎಂದರೆ ನೇರ ಕಾರ್ನ್‌ವಾಲ್‌ಗೆ ಹಾರಿದ್ದು. ಅಜ್ಜನ ಹೆಸರು ಹಾಕಿ ಹುಡುಕಿದರೆ ನೂರಾರು ಜನ ಎದ್ದು ಬಂದರು. ಹುಡುಕಾಟವನ್ನು ನಮ್ಮ ಕಡೆಯಿಂದಲೇ, ಕೊನೆಯಿಂದ ಮೊದಲಿಗೆ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋಗಬೇಕಿತ್ತು. ಅಂದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಾವಿನ ವಿವರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸ್‌ನ ದಾಖಲೆಗಳ ಎನ್ ಸರಣಿಯಲ್ಲಿವೆ: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬಾಂಬೆ. ಮೈಸೂರು ಸಂಸ್ಥಾನದ ನೆಲವಾದರೂ ಬೆಂಗಳೂರು ದಂಡಿನದು, ಕೆಜಿಎಫ್‌ನದು ಮದ್ರಾಸಿನ ಲೆಕ್ಕಕ್ಕೆ ಸೇರಿದೆ. ಬೆಂಗಳೂರು ಎಂದು ಬೇರೆ ಕಡತ ಹುಡುಕಿ ಒಂದು ಇಡೀ ಶನಿವಾರ ಕಳೆದೆ. 1998ರಲ್ಲಿ ಶುರುವಾದ ಫಿಬಿಸ್ (ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ) ಎಂಬ ಸಂಘದವರು ಇಂಥ ದಾಖಲೆಗಳ ಹೆಸರುಪಟ್ಟಿ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಅದನ್ನು ಮನೆಯಲ್ಲೇ ನೋಡಿಕೊಂಡು ಹೋಗಿದ್ದರೆ ರೈಲಿನ ದುಡ್ಡು ಉಳಿಯುತ್ತಿತ್ತು.

ಮದುವೆ ಸಿಕ್ಕಿತು. 1899, ಕೋಲಾರ ಚಿನ್ನದ ಗಣಿ. ವರನ ವಯಸ್ಸು ಮೂವತ್ತು, ಕೆಲಸ ಗಣಿಗಾರ, ತಂದೆಯ ಹೆಸರು ಇಂಥದ್ದು. ಸೈನ್ಯದ ಸುದ್ದಿಯೇ ಇಲ್ಲ. ಹತ್ತು ವರ್ಷದ ಮೇಲೆ ಮಗನ ದೀಕ್ಷಾಸ್ನಾನದ ಹೊತ್ತಿಗೆ ಅದೇ ಮನುಷ್ಯನ ಕೆಲಸದ ಕಾಲಮ್ಮಿನಲ್ಲಿ 'ಮೈನಿಂಗ್ ಕ್ಯಾಪ್ಟನ್' ಎಂದಿತ್ತು. ಕಾರ್ನ್‌ವಾಲಿನ ಗಣಿಗಳಲ್ಲಿ ಆಳುಗಳ ಮೇಲ್ವಿಚಾರಕನನ್ನು ಕ್ಯಾಪ್ಟನ್ ಎನ್ನುತ್ತಾರೆ. ಮನೆಯವರು ಸುಳ್ಳು ಹೇಳಿರಲಿಲ್ಲ, ಕ್ಯಾಪ್ಟನ್ನನಿಗೆ ಬಂದೂಕು ಮಾತ್ರ ತಾವಾಗಿ ಕೊಟ್ಟಿದ್ದರು. ಫೋನಿನಲ್ಲಿ ಹೇಳಿದಾಗ ಅತ್ತೆಗೆ ಸ್ವಲ್ಪ ಬೇಸರವಾಯಿತು. "ಹಾಗಾದ್ರೆ ಫೋಟೊದಲ್ಲಿ ಇರೋ ಮೀಸೆ?" ಅಂದರು. ಗಣಿಯವರೂ ಮೀಸೆ ಬಿಡುತ್ತಿದ್ದರು ಎಂದೆ.

ಕಾರ್ನ್‌ವಾಲಿನವರು ಕೆಜಿಎಫ್‌ಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ 1866ರ ಹೊತ್ತಿಗೆ ತಾಮ್ರದ ಗಣಿಗಳು ಕುಸಿದವು. ನೆಲ ಕೊರೆಯುವುದು ಬಿಟ್ಟು ಬೇರೆ ತಿಳಿಯದವರು ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕ ಎಂದು ಚದುರಿದರು. 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿ ನಡೆಸತೊಡಗಿದಾಗ ಇಲ್ಲಿಗೂ ಬಂದರು. ಕಾರ್ನ್‌ವಾಲಿನ ಜನಗಣತಿ ಓದಿದರೆ ಊರಿಗೆ ಊರೇ ಗಂಡಸರಿಲ್ಲದ ಹಾಗೆ ಕಾಣುತ್ತದೆ; ಹೆಂಗಸಿನ ಹೆಸರಿನ ಮುಂದೆ 'ಗಂಡ ಪರದೇಶದಲ್ಲಿ' ಎಂದು ಗಣತಿದಾರ ಬರೆದುಕೊಂಡಿರುತ್ತಾನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಅಲ್ಲಿಂದ ಹಿಂದಕ್ಕೆ ಹೋದರೆ ಚರ್ಚಿನ ಪುಸ್ತಕಗಳೇ ಗತಿ. ಅವನ್ನು ಇಡಬೇಕೆಂದು 1538ರಲ್ಲಿ ಆಜ್ಞೆಯಾಗಿತ್ತು. ಹೆಸರು ಸಮೇತ ಉಪಯೋಗಕ್ಕೆ ಬರುವ ಜನಗಣತಿ 1841ರಿಂದ ಇದೆ. ಆದರೆ 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. ಇಪ್ಪತ್ತೊಂಬತ್ತರವನು ಇಪ್ಪತ್ತೈದಾಗಿಬಿಡುತ್ತಾನೆ. ಗಣತಿ ಬಿಡುಗಡೆಯಾಗಲು ನೂರು ವರ್ಷ ಕಾಯಬೇಕು. 1921ರದ್ದು 2022ರಲ್ಲಿ ಬಂತು. ಮುಂದಿನದಕ್ಕೆ ಕಾಯುವವರು ಕಾಯಬೇಕಿಲ್ಲ, 1931ರ ಗಣತಿ 1942ರಲ್ಲಿ ಬೆಂಕಿಗೆ ಹೋಯಿತು. ಜರ್ಮನ್ನರ ಬಾಂಬ್ ಎಂದು ಅಲ್ಲಿನವರೇ ಹೇಳುತ್ತಾರೆ, ಅದು ಬಾಂಬಲ್ಲ, ಸಾಮಾನ್ಯ ಬೆಂಕಿ.

ಅಜ್ಜ 1868ರ ಆಸುಪಾಸಿನಲ್ಲಿ ಹುಟ್ಟಿರಬೇಕು. ಗ್ವೆನ್ನಾಪ್ ಎಂಬ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆಯಲ್ಲಿ, ಅದೇ ಹೆಸರಿನ, ಅದೇ ಹೆಸರಿನ ಅಪ್ಪನಿದ್ದ, ಅದೇ ವರ್ಷ ಹುಟ್ಟಿದ ಹುಡುಗ ಸಿಕ್ಕಿದ. ಕುಣಿದಾಡಿದೆ. ಅವನ ಅಪ್ಪ, ತಾತ, ಮುತ್ತಾತ ಎಂದು ಎಂಟು ತಿಂಗಳು ಪುಸ್ತಕ ತಿರುವಿ 1760ರ ತನಕ ಮುಟ್ಟಿದೆ. ದೊಡ್ಡ ಹಾಳೆಯ ಮೇಲೆ ಮರ ಬರೆದು ಅತ್ತೆಗೆ ಕಳಿಸಿದೆ. ಅವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಆಮೇಲೆ ರೆಡ್ರುತ್‌ಗೆ ಹೋದೆ. ಅಲ್ಲಿ ಹಳೆಯ ಬಿಯರ್ ಭಟ್ಟಿಯ ಕಟ್ಟಡವನ್ನು ರಿಪೇರಿ ಮಾಡಿ 2019ರಲ್ಲಿ ಕ್ರೆಸೆನ್ ಕರ್ನೋ ಎಂಬ ದಾಖಲೆ ಭಂಡಾರ ತೆರೆದಿದ್ದಾರೆ. ಗ್ವೆನ್ನಾಪ್‌ನ ಹೂಳುವ ಪುಸ್ತಕವನ್ನು ಸುಮ್ಮನೆ, ಬೇರೆ ಕೆಲಸಕ್ಕೆ ನೋಡುತ್ತಿದ್ದೆ. 1870. ಅದೇ ಹೆಸರು. ವಯಸ್ಸು ಎರಡು.

ಎರಡು ವರ್ಷಕ್ಕೆ ತೀರಿಕೊಂಡ ಮಗುವನ್ನು ನಾನು ಹಡಗು ಹತ್ತಿಸಿ, ಕೋಲಾರಕ್ಕೆ ಕರೆತಂದು, ಮದುವೆ ಮಾಡಿಸಿದ್ದೆ.

ಈ ಕೆಲಸದಲ್ಲಿ ನನಗೆ ಬುದ್ಧಿ ಬಂದದ್ದು ಆ ಮಧ್ಯಾಹ್ನ. ಹೆಸರು ಹೊಂದಿತು, ವಯಸ್ಸು ಹೊಂದಿತು ಎಂದು ಹಿಗ್ಗುವುದಲ್ಲ. ಸಿಕ್ಕಿದವನು ನಮ್ಮವನಲ್ಲ ಎಂದು ತೋರಿಸಲು ಮೊದಲು ಪ್ರಯತ್ನ ಪಡಬೇಕು. ಚಿಕ್ಕಂದಿನಲ್ಲೇ ಸತ್ತನೇ? ಮುಂದಿನ ಗಣತಿಯಲ್ಲಿ ಅಲ್ಲೇ ಹೆಂಡತಿ ಮಕ್ಕಳೊಂದಿಗೆ ಇದ್ದಾನೆಯೇ? ಅಕ್ಕಪಕ್ಕದ ಪ್ಯಾರಿಷ್‌ಗಳಲ್ಲಿ ಅದೇ ಹೆಸರಿನವರು ಇನ್ನೆಷ್ಟು ಮಂದಿ? ಅವರೊಬ್ಬೊಬ್ಬರನ್ನೂ ದಾರಿಯಿಂದ ಸರಿಸಿದ ಮೇಲೆ ಉಳಿದವನು ನಮ್ಮವನು, ಅದೂ ಬಹುಶಃ.

ನಿಜವಾದವನು ಸಿಕ್ಕಿದ್ದು ಪಕ್ಕದ ರೆಡ್ರುತ್ ಪ್ಯಾರಿಷ್‌ನಲ್ಲೇ. ನನಗೆ ಕಾಣದೆ ಹೋಗಿದ್ದಕ್ಕೆ ಕಾರಣ, ಅವನ ದೀಕ್ಷಾಸ್ನಾನ ಊರ ಚರ್ಚಿನಲ್ಲಿ ಆಗಿರಲಿಲ್ಲ. ಕಾರ್ನ್‌ವಾಲಿನ ಗಣಿಗಾರರಲ್ಲಿ ಬಹಳ ಜನ ಮೆಥಡಿಸ್ಟರು ಎಂಬ ಬೇರೆ ಪ್ರಾಟೆಸ್ಟಂಟ್ ಪಂಥದವರು. ಅವರ ಪುಸ್ತಕಗಳೇ ಬೇರೆ. ಖಚಿತ ಮಾಡಿದ್ದು ನೋಂದಣಿ ಕಚೇರಿಯ ಸೂಚಿ. ಹಳೆಯ ಮುದ್ರಿತ ಸೂಚಿಗಳಲ್ಲಿ ತಾಯಿಯ ತವರಿನ ಹೆಸರು 1911ರ ನಂತರ ಮಾತ್ರ ಬರುತ್ತದೆ. ಜಾಲತಾಣದಲ್ಲಿರುವ ಹೊಸ ಸೂಚಿಯಲ್ಲಿ 1837ರಿಂದಲೇ ಕೊಟ್ಟಿದ್ದಾರೆ. ಅತ್ತೆಯ ತಂದೆಗೆ ನಡುವೆ ಒಂದು ವಿಚಿತ್ರ ಹೆಸರಿತ್ತು, ಮನೆಯಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಅದು ಈ ಹುಡುಗನ ತಾಯಿಯ ತವರಿನ ಹೆಸರು. 1881ರ ಗಣತಿಯಲ್ಲಿ ಆಕೆ ಮನೆಯ ಯಜಮಾನಿ, ಗಂಡ ಪರದೇಶದಲ್ಲಿ, ಹನ್ನೆರಡರ ಹುಡುಗ ಗಣಿಯ ಮೇಲ್ಗಡೆ ತವರದ ಅದಿರು ತೊಳೆಯುತ್ತಿದ್ದ.

ಇನ್ನು ಐರ್ಲೆಂಡ್. ಅಲ್ಲಿ ಕಷ್ಟ ಬೇರೆ ಥರದ್ದು, ಕಾಗದವೇ ಇಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಸ್ಫೋಟಕ್ಕೆ, ಬೆಂಕಿಗೆ ಸಿಕ್ಕಿತು. 1821ರಿಂದ 1851ರ ತನಕದ ಗಣತಿಗಳು ಬಹುಪಾಲು ಅಲ್ಲೇ ಬೂದಿಯಾದವು. 1861 ಮತ್ತು 71ರವನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. 1881, 91ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಪೂರ್ತಿ ಉಳಿದ ಮೊದಲ ಗಣತಿ 1901ರದ್ದು. ಎಲ್ಲರ ಹುಟ್ಟು ಸಾವಿನ ನೋಂದಣಿ ಶುರುವಾದದ್ದೇ 1864ರಲ್ಲಿ. ಅಜ್ಜಿಯ ಅಪ್ಪ ಹುಟ್ಟಿದ್ದು ಅದಕ್ಕಿಂತ ಮೂವತ್ತು ಚಿಲ್ಲರೆ ವರ್ಷ ಮೊದಲು.

ಐರ್ಲೆಂಡಿನಲ್ಲಿ ಹುಡುಕಲು ಜಿಲ್ಲೆ ಗೊತ್ತಿದ್ದರೆ ಸಾಲದು, ಪ್ಯಾರಿಷ್ ಬೇಕು, ಸಾಧ್ಯವಾದರೆ ಟೌನ್‌ಲ್ಯಾಂಡೂ ಬೇಕು. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ನಾಲ್ಕು ಮನೆ, ಒಂದಿಷ್ಟು ಹೊಲವಿರುವ, ಹೆಸರಿರುವ ನೆಲದ ತುಂಡು. ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು ಇವೆ. ನಮಗೆ ಪ್ಯಾರಿಷ್ ಹೇಳಿಕೊಟ್ಟದ್ದು ಸೈನ್ಯ. ಬೆಂಗಳೂರು ದಂಡಿನಲ್ಲಿದ್ದ ಗೋರಾ ಸಿಪಾಯಿಗಳಲ್ಲಿ ಐರಿಷ್ ಬಡವರು ಬಹಳ. ಪಿಂಚಣಿಯ ಮೇಲೆ ಬಿಡುಗಡೆಯಾದವರ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದ ಡಬ್ಲ್ಯುಒ 97 ಎಂಬ ಸರಣಿಯಲ್ಲಿವೆ. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಅಜ್ಜಿಯ ಅಪ್ಪನದು ಎರಡು ಹಾಳೆ. 1848ರಲ್ಲಿ, ಬರಗಾಲದ ನಡುವೆ, ಹದಿನೆಂಟರ ವಯಸ್ಸಿಗೆ ಸೇರಿದ. ಕೆಲಸ ಕೂಲಿ. ಹುಟ್ಟಿದ್ದು ಟಿಪ್ಪರೆರಿ ಜಿಲ್ಲೆಯ ಇಂಥ ಪ್ಯಾರಿಷ್. ಎತ್ತರ ಐದಡಿ ಆರಂಗುಲ, ಕಣ್ಣು ಬೂದು. ಶಿಕ್ಷೆಯ ಪುಸ್ತಕದಲ್ಲಿ ಹನ್ನೊಂದು ಸಲ ಹೆಸರು. ಸಹಿಯ ಜಾಗದಲ್ಲಿ ಗುಣಾಕಾರದ ಗುರುತು, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ. 1869ರಲ್ಲಿ ಇಪ್ಪತ್ತೊಂದು ವರ್ಷ ಮುಗಿಸಿ ಬಿಡುಗಡೆ. ಮುಂದೆ ವಾಸಿಸುವ ಊರು: ಬೆಂಗಳೂರು. ರಾಜಮನೆತನದ ಮಾತು ಅತ್ತೆ ಆಮೇಲೆ ಎತ್ತಲಿಲ್ಲ.

ಪ್ಯಾರಿಷ್‌ನ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದ, ಯಾವ ನಕ್ಷೆಯಲ್ಲೂ ಅದು ಇಲ್ಲ. ನನಗೆ ದಾರಿ ತೋರಿಸಿದ್ದು ನಮ್ಮ ಕೆಜಿಎಫ್‌ನ ಊರಿಗಾಂ. ಇಂಗ್ಲಿಷರು ಅದನ್ನು ಎರಡು 'ಒ' ಹಾಕಿ ಹೇಗೆ ತಿರುಚಿ ಬರೆದರೋ, ಅಲ್ಲೂ ಹಾಗೇ ಮಾಡಿದ್ದಾರೆ. 'ಬ್ಯಾಲಿ' ಎಂದು ಶುರುವಾದರೆ ಸಾಮಾನ್ಯವಾಗಿ ಊರು, 'ನಾಕ್' ಎಂದರೆ ಗುಡ್ಡ, 'ಕಿಲ್' ಎಂದರೆ ಹೆಚ್ಚಾಗಿ ಚರ್ಚು. ಜೋರಾಗಿ ಓದಿಕೊಂಡರೆ ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ. ಸಿಕ್ಕಿತು. ಮತ್ತೊಂದು ತೊಡಕು, ಸರ್ಕಾರದ ಪ್ಯಾರಿಷ್ ಬೇರೆ, ಕ್ಯಾಥೊಲಿಕ್ ಚರ್ಚಿನ ಪ್ಯಾರಿಷ್ ಬೇರೆ. ಗಡಿಗಳು ಒಂದಕ್ಕೊಂದು ಹೊಂದುವುದಿಲ್ಲ.

ಕ್ಯಾಥೊಲಿಕ್ ಪುಸ್ತಕಗಳು ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದದ್ದರಿಂದ 1922ರ ಬೆಂಕಿ ಅವನ್ನು ಮುಟ್ಟಲಿಲ್ಲ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಚಿತ್ರಗಳನ್ನು 2015ರಲ್ಲಿ ಉಚಿತವಾಗಿ ಜಾಲತಾಣಕ್ಕೆ ಹಾಕಿತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ, ರಾತ್ರಿ ಊಟವಾದ ನಂತರ, ಪುಟಪುಟವಾಗಿ ನೋಡಿದೆ. ಲ್ಯಾಟಿನ್ ಹೆಸರುಗಳು: ಜೇಮ್ಸ್ ಇದ್ದವನು ಜಾಕೋಬಸ್, ವಿಲಿಯಂ ಇದ್ದವನು ಗುಲಿಯೆಲ್ಮಸ್. ತೇವ ಹಿಡಿದ ಪುಟ, ಕೋಳಿ ಕೆದಕಿದಂಥ ಅಕ್ಷರ. ಓ, ಮ್ಯಾಕ್ ಎಂಬ ಮುಂಬಾಲಗಳು ಒಂದು ಪುಟದಲ್ಲಿದ್ದರೆ ಇನ್ನೊಂದರಲ್ಲಿಲ್ಲ. 1828ರಿಂದ 1832ರ ಒಳಗೆ ಅದೇ ಹೆಸರಿನ ಮೂರು ಹುಡುಗರು.

ಈ ಸಲ ಕುಣಿಯಲಿಲ್ಲ. ಒಬ್ಬನಿಗೆ 1856ರಲ್ಲಿ ಅದೇ ಚರ್ಚಿನಲ್ಲಿ ಮದುವೆಯಾಗಿತ್ತು. ನಮ್ಮವನು ಆಗ ಸಿಪಾಯಿ. ಇನ್ನೊಬ್ಬ 1901ರ ಗಣತಿಯಲ್ಲಿ ಅದೇ ಟೌನ್‌ಲ್ಯಾಂಡಿನಲ್ಲಿ ಮುದುಕನಾಗಿ ಒಲೆ ಮುಂದೆ ಕೂತಿದ್ದ. ಮೂರನೆಯವನು ಉಳಿದ. ಅವನ ತಾಯಿಯ ಹೆಸರು ಹೊನೋರಾ. ಐರಿಷರಲ್ಲೂ ನಮ್ಮ ಹಾಗೆ ಹಿರಿಯರ ಹೆಸರಿಡುವ ಪದ್ಧತಿ ಇತ್ತು: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನದು, ಮೊದಲ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ಅಪ್ಪನ ತಾಯಿಯದು. ಬೆಂಗಳೂರಿನಲ್ಲಿ ಸಿಪಾಯಿಯ ಮೊದಲ ಮಗನಿಗೆ ಆ ಮೂರನೆಯವನ ಅಪ್ಪನ ಹೆಸರೇ. ಎರಡನೆಯ ಮಗಳು ಹೊನೋರಾ. ಆಕೆ ಅತ್ತೆಯ ಅಜ್ಜಿ. ಮನೆಯಲ್ಲಿ ನೋರಾ ಎನ್ನುತ್ತಿದ್ದರಂತೆ.

ಆ ಹುಡುಗನಿಗೆ 1841ರಲ್ಲಿ ಹುಟ್ಟಿದ ಒಬ್ಬ ತಂಗಿಯಿದ್ದಳು. 1901ರ ಗಣತಿಯಲ್ಲಿ ಆಕೆಗೆ ಐವತ್ತೈದು. 1911ರಲ್ಲಿ ಎಪ್ಪತ್ತೆರಡು! ನಗು ಬಂತು, ಆಮೇಲೆ ಕಾರಣ ತಿಳಿಯಿತು. 1908ರ ಕಾನೂನಿನಲ್ಲಿ ಎಪ್ಪತ್ತಾದವರಿಗೆ ವೃದ್ಧಾಪ್ಯ ಪಿಂಚಣಿ ಬಂತು, ಹುಟ್ಟಿದ ಸರ್ಕಾರಿ ದಾಖಲೆ ಯಾರ ಹತ್ತಿರವೂ ಇಲ್ಲ. ಹತ್ತು ವರ್ಷದಲ್ಲಿ ಹದಿನೇಳು ವಯಸ್ಸಾದವರು ಆ ಗಣತಿಯ ತುಂಬ ಇದ್ದಾರೆ. ಆದರೆ ಈಕೆಯದು ಪೂರ್ತಿ ಸುಳ್ಳೂ ಅಲ್ಲ; ದೀಕ್ಷಾಸ್ನಾನದ ಪ್ರಕಾರ ಎಪ್ಪತ್ತು ನಿಜಕ್ಕೂ ಆಗಿತ್ತು. ಹೆಚ್ಚು ಸುಳ್ಳು ಹೇಳಿದ್ದು 1901ರಲ್ಲಿ. ವಯಸ್ಸು ಸಾಬೀತು ಮಾಡಲು ಅಂಥವರು ಹಳೆಯ ಗಣತಿಯನ್ನು ಹುಡುಕಿಸಿಕೊಳ್ಳಬಹುದಿತ್ತು. ಗಣತಿ ಸುಟ್ಟುಹೋದರೂ ಆ ಹುಡುಕಾಟದ ಚೀಟಿಗಳು ಉಳಿದಿವೆ. ಈಕೆಯ ಚೀಟಿಯಲ್ಲಿ 1851ರ ಮನೆ ಇದೆ: ಅಪ್ಪ, ತಾಯಿ ಹೊನೋರಾ, ಹತ್ತು ವರ್ಷದ ಈಕೆ. ಅಣ್ಣನ ಹೆಸರಿಲ್ಲ. ಇರಬಾರದು ಕೂಡ, ಅವನು ಆಗಲೇ ಪಲ್ಟನ್ನಿನಲ್ಲಿದ್ದ.

ಇದಿಷ್ಟಿದ್ದರೂ ಮರದಲ್ಲಿ ಅವನ ಅಪ್ಪ ಅಮ್ಮನ ಹೆಸರನ್ನು ಪೆನ್ಸಿಲಿನಲ್ಲೇ ಬರೆದಿದ್ದೇನೆ. ಪಕ್ಕದ ಪ್ಯಾರಿಷ್‌ನ ಪುಸ್ತಕ 1835ಕ್ಕೆ ಶುರುವಾಗುತ್ತದೆ. ಅಲ್ಲಿ ನಾಲ್ಕನೆಯ ಹುಡುಗ ಇದ್ದಿದ್ದರೆ ನನಗೆ ಕಾಣುವ ದಾರಿಯಿಲ್ಲ.

ಹೊಸ ಮರವನ್ನು ಅತ್ತೆಗೆ ಕೊಟ್ಟಾಗ ಹಳೆಯದನ್ನು ಗೋಡೆಯಿಂದ ಇಳಿಸಿ, ಗ್ವೆನ್ನಾಪ್‌ನ ಆ ಕುಟುಂಬವನ್ನು ಪೂರ್ತಿ ತೆಗೆದುಹಾಕಿದ್ದೇನೆ ಎಂದು ವಿವರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು.

"ಆ ಎರಡು ವರ್ಷದ ಮಗು ಎಲ್ಲಪ್ಪಾ?"

"ಅದು ನಮ್ಮದಲ್ಲ ಅಂತ ಗೊತ್ತಾಯ್ತಲ್ಲ ಮಮ್ಮಿ, ತೆಗೆದೆ."

"ಇಷ್ಟು ದಿನ ನಮ್ಮ ಗೋಡೆ ಮೇಲಿತ್ತು. ಇರಲಿ, ಒಂದು ಮೂಲೇಲಿ ಹಾಕು."

ಈಗ ಕೆಳಗಿನ ಎಡಮೂಲೆಯಲ್ಲಿ ಅದರ ಹೆಸರಿದೆ, 1868–1870 ಎಂದು. ಯಾವ ಗೆರೆಯೂ ಅದಕ್ಕೆ ಸೇರುವುದಿಲ್ಲ.