ಅಡಿಕೆ ಸುಲಿಯುವವರ ಜೊತೆ ನನ್ನ ಗೇಮ್ ಲೈವ್

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. 2021ರ ಜುಲೈನಲ್ಲಿ ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಗೇಮ್ ಬಂತು. ಅದೇ ತಿಂಗಳು ನಾನು ಅದನ್ನು ಆಡುತ್ತಾ ಯೂಟ್ಯೂಬ್‌ನಲ್ಲಿ ಲೈವ್ ಶುರು ಮಾಡಿದೆ. ಮೊದಲ ದಿನ ನಾಲ್ಕು ಜನ ಬಂದರು. ಅದರಲ್ಲಿ ಒಬ್ಬ ಚಾಟ್‌ನಲ್ಲಿ ಬರೆದ: "ಎಂತ ಮಾರಾಯ, ಬರೀ ಮಳೆ ಕೇಳ್ತಿದೆ."

ನಮ್ಮದು ತಗಡಿನ ಮಾಡು. ಜುಲೈ ಮಳೆಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ ಸದ್ದು ತಗ್ಗಿಸುವ ಫಿಲ್ಟರ್ ಇದೆ, ಹಾಕಿ ನೋಡಿದೆ. ಮಳೆ ಕಡಿಮೆಯಾಯಿತು, ಜೊತೆಗೆ ನನ್ನ ಮಾತಿನ ತುದಿಗಳೂ ಮಾಯವಾದವು. ದರ ಏರಲಿ ಅಂತ ಅಪ್ಪ ಅಡಿಕೆ ಚೀಲ ಪೇರಿಸಿಟ್ಟಿದ್ದ ಕೋಣೆಗೆ ಕೊನೆಗೆ ಲ್ಯಾಪ್‌ಟಾಪ್ ಒಯ್ದೆ. ಮೂರು ಕಡೆ ಚೀಲ, ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕ್. ಅಷ್ಟೇ ಸಾಕಾಯಿತು. ಸಾವಿರಾರು ರೂಪಾಯಿ ಫೋಮ್ ತರಿಸುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ: ಮನೆಯಲ್ಲಿ ಗೋಣಿಚೀಲ ಇದ್ದರೆ ಮೊದಲು ಅದರ ಮಧ್ಯೆ ಕೂತು ನೋಡಿ.

ನೆಟ್ ವಿಷಯದಲ್ಲಿ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ಲೈವ್‌ಗೆ ಬೇಕಿರುವುದು ಅಪ್‌ಲೋಡ್. 720ಪಿ ಗುಣಮಟ್ಟದ ಚಿತ್ರ ಕಳಿಸಲು ಯೂಟ್ಯೂಬ್ ಹೇಳುವುದು ಸುಮಾರು 4 ಎಂಬಿಪಿಎಸ್. ನನಗೆ ಸಿಗುತ್ತಿದ್ದದ್ದು ಎರಡೂವರೆ, ಅದೂ ಗಾಳಿ ಇಲ್ಲದ ದಿನ. ಹಟ ಮಾಡಿ 720ರಲ್ಲೇ ಬಿಟ್ಟಾಗ ಚಿತ್ರ, ಮಾತು ಎರಡೂ ತುಂಡಾದವು. 480ಪಿಗೆ ಇಳಿಸಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, 1200 ಕೆಬಿಪಿಎಸ್‌ಗೆ (1.2 ಎಂಬಿಪಿಎಸ್) ನಿಲ್ಲಿಸಿದೆ. ಚಿತ್ರ ಮಂಕಾಯಿತು, ಆದರೆ ಮಾತು ಕಡಿಯಲಿಲ್ಲ. ಚಿತ್ರ ಚೆನ್ನಾಗಿಲ್ಲ ಅಂತ ಎದ್ದು ಹೋದವರು ಕಡಿಮೆ. ಮಾತು ಕಡಿದಾಗ ಎಲ್ಲರೂ ಹೋದರು.

ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಒಂದು ಕ್ಷಣಕ್ಕೆ ರೂಟರ್ ಆಫ್ ಆಗಿ, ಮತ್ತೆ ಏಳಲು ಮೂರು ನಿಮಿಷ ಬೇಕಿತ್ತು. ರೂಟರ್‌ಗೇ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕಿದೆ. ಲೈನ್ ಕಡಿದರೆ ಲೈವ್ ತಾನೇ ಮುಗಿಸಿಬಿಡುವ ಯೂಟ್ಯೂಬ್‌ನ ಆಟೋ ಸ್ಟಾಪ್ ಆಫ್ ಮಾಡಿದೆ. ಈಗ ಲೈನ್ ಕಡಿದರೂ ಅದೇ ಲೈವ್ ಮುಂದುವರಿಯುತ್ತದೆ. ಫೈಬರ್ ಮೇಲೆ ಮರ ಬಿದ್ದರೆ ಮಾತ್ರ ಏನೂ ಮಾಡಲಿಕ್ಕಾಗಲ್ಲ.

2022ರ ಜುಲೈ 28ರಂದು ಬಿಜಿಎಂಐ ಆಪ್ ಸ್ಟೋರ್‌ಗಳಿಂದ ಹೋಯಿತು. ಮತ್ತೆ ಬಂದದ್ದು 2023ರ ಮೇನಲ್ಲಿ. ನನ್ನ ಲೈವ್‌ನಲ್ಲಿ ಮೂವತ್ತು ನಲವತ್ತು ಜನ ಇರುತ್ತಿದ್ದರು, ಆರಕ್ಕೆ ಇಳಿದರು. ಈ ಕೆಲಸದಲ್ಲಿ ಆಟ ಮಾತ್ರ ಅಲ್ಲ, ಲೈವ್ ಬಿಡುವ ಜಾಗವೂ ನಿಲ್ಲಲ್ಲ. ಮಿಕ್ಸರ್ ಅನ್ನುವ ಲೈವ್ ತಾಣ 2020ರಲ್ಲಿ ಮುಚ್ಚಿತು. ಟ್ವಿಚ್ ಅನ್ನುವ ಇನ್ನೊಂದು ತಾಣ 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾ ಬಿಟ್ಟಿತು. ಹಾಗಾಗಿ ಒಂದೇ ಆಟ ನಂಬಿ ಕೂರುವುದನ್ನು ನಾನು ಬಿಟ್ಟೆ.

ಬಿಜಿಎಂಐ ಹೋದಾಗ ಹಿಡಿದದ್ದು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ, ಬಸ್ ಓಡಿಸುವ ಗೇಮ್. ಆಟ ಇಂಡೋನೇಷ್ಯಾದವರದ್ದು, ಆದರೆ ಅದಕ್ಕೆ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಬಣ್ಣ ಹಾಕಿಕೊಳ್ಳಬಹುದು. ಕೆಂಪು ಬಸ್ ಹತ್ತಿ "ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ" ಅಂತ ಕೂಗಿದೆ ನೋಡಿ, ಚಾಟ್ ತುಂಬಿಬಿಟ್ಟಿತು. ಒಬ್ಬರು ಕಂಡಕ್ಟರ್, ಟಿಕೆಟ್ ಹೇಗೆ ಕೇಳಬೇಕು ಅಂತ ತಿದ್ದಿದರು. ಬೆಂಗಳೂರಲ್ಲಿರುವ ಹೊಸನಗರದ ಹುಡುಗ ದಿನಾ ಬರುತ್ತಾನೆ.

ಆ ವರ್ಷದ ಕೊಯ್ಲಿನಲ್ಲಿ ಒಂದು ಮೆಸೇಜ್ ಬಂತು. "ಅಣ್ಣ, ಸುಮ್ನಾಗಬೇಡ. ನಾವು ಎಂಟು ಜನ ಅಡಿಕೆ ಸುಲಿತಾ ಕೂತಿದೀವಿ." ನನಗೆ ಆಗ ಹೊಳೆಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಪರದೆ ನೋಡಲಿಕ್ಕಾಗಲ್ಲ. ಕಣ್ಣು ಕೈಮೇಲೆ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಹಿಂದೆ ಸುಲಿಯುವಾಗ ಭದ್ರಾವತಿ ಆಕಾಶವಾಣಿ ಹಾಕಿಡುತ್ತಿದ್ದೆವು ಅಂತ ಅಪ್ಪ ಹೇಳುತ್ತಾರೆ. ಅಂಥ ಜಾಗಕ್ಕೆ ನನ್ನನ್ನು ಕೂರಿಸಿದ್ದಾರೆ ಅಂದರೆ ನಾನು ರೇಡಿಯೊದವರ ಹಾಗೇ ಮಾತಾಡಬೇಕು, ಅಲ್ವಾ? ಅಂದಿನಿಂದ "ಇಲ್ಲಿ ನೋಡಿ" ಅನ್ನುವುದನ್ನು ಬಿಟ್ಟೆ. "ಎಡಕ್ಕೆ ತಿರುವು, ಎದುರಿಗೆ ಲೋಡ್ ಲಾರಿ, ಮೂರನೇ ಗೇರ್‌ಗೆ ಇಳಿಸ್ತೀನಿ" ಅಂತ ಎಲ್ಲವನ್ನೂ ಬಾಯಲ್ಲೇ ಹೇಳುತ್ತೇನೆ. ಅಭ್ಯಾಸಕ್ಕೆ ಎರಡು ತಿಂಗಳು ಹಿಡಿಯಿತು. ಗಂಟಲು ಕಟ್ಟುತ್ತಿತ್ತು, ಅಮ್ಮ ಕಷಾಯ ಮಾಡಿಕೊಡುತ್ತಿದ್ದರು.

ಈಗ ಎಲ್ಲರೂ ಶಾರ್ಟ್ಸ್ ಮಾಡು ಅನ್ನುತ್ತಾರೆ. ಮಾಡುತ್ತೇನೆ. ಅದರಿಂದ ಹೊಸಬರು ಬರುತ್ತಾರೆ, ಆದರೆ ಲೈವ್‌ನಲ್ಲಿ ನಿಲ್ಲುವವರು ಕಡಿಮೆ. ಸುಲಿಯುವವರು ಮಾತ್ರ ಒಮ್ಮೆ ಹಾಕಿದರೆ ಎರಡು ಗಂಟೆ ತೆಗೆಯಲ್ಲ. ನೋಡುವವರು ದುಡ್ಡು ಕೊಟ್ಟು ಮೆಸೇಜ್ ಕಳಿಸುವ ಸೂಪರ್ ಚಾಟ್ ತೆರೆಯಲು ಯೂಟ್ಯೂಬ್ ಕೇಳುವುದು 500 ಚಂದಾದಾರರು, ವರ್ಷದಲ್ಲಿ 3,000 ಗಂಟೆ ವೀಕ್ಷಣೆ, 90 ದಿನದಲ್ಲಿ ಮೂರು ವಿಡಿಯೊ. ಇಪ್ಪತ್ತು ಜನ ಒಂದೊಂದು ಗಂಟೆ ಕೂತರೂ 150 ದಿನ ಬೇಕು. ನನ್ನ ಗಂಟೆಗಳು ಬಹುಪಾಲು ಸೇರಿದ್ದು ಕೊಯ್ಲಿನ ತಿಂಗಳುಗಳಲ್ಲಿ. ಮೊದಲ ಸೂಪರ್ ಚಾಟ್ 40 ರೂಪಾಯಿ, ಕಳಿಸಿದವರು ಸಾಗರದವರು. ನಮ್ಮ ಪಾಲು ಶೇಕಡಾ 70, ಅಂದರೆ 28 ರೂಪಾಯಿ. ಜೊತೆಗೆ ಬರೆದಿದ್ದರು: "ಅಮ್ಮನಿಗೂ ನಿಮ್ಮ ಬಸ್ ಇಷ್ಟ."

ಸುಲಿಯುವವರು ಬೆಳಗಿನ ಜಾವವೇ ಏಳುತ್ತಾರೆ. ಅವರು ಕೇಳಿದ್ದಕ್ಕೆ ಕಳೆದ ಕೊಯ್ಲಿನಿಂದ ನಾಲ್ಕೂವರೆಗೆ ಲೈವ್ ಹಾಕುತ್ತಿದ್ದೇನೆ. ಆ ದಿನದ ಮೊದಲ ಟ್ರಿಪ್ ಯಾವ ಊರಿಗೆ ಅಂತ ಅವರೇ ಹೇಳುತ್ತಾರೆ.