ದತ್ತು ಮುಗಿಯುವವರೆಗೆ ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಮನೆ ಹೂಡುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿದ ಕನ್ನಡದ ದಂಪತಿ ಕೊಲಂಬಿಯಾದ ಮಗುವನ್ನು ದತ್ತು ಪಡೆಯಲು ಹೊರಟರೆ ಕಾಗದಪತ್ರ ಕಳಿಸಿ ಕೂತರೆ ಆಗುವುದಿಲ್ಲ. ಅಲ್ಲಿಗೇ ಹೋಗಿ ಕೆಲವು ವಾರ ಇರಬೇಕು. ದತ್ತಿನ ತೀರ್ಪು ಅಂತಿಮವಾಗುವವರೆಗೆ ಮಗು ದೇಶ ಬಿಡುವಂತಿಲ್ಲ ಎನ್ನುತ್ತದೆ ಅಲ್ಲಿನ 2006ರ ಮಕ್ಕಳ ಕಾನೂನು. ಆ ವಾರಗಳನ್ನು ಹೇಗೋ ತಳ್ಳಿಬಿಡೋಣ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ತನ್ನ ಊರು, ತನ್ನ ಊಟ, ತನ್ನ ಭಾಷೆ ಇನ್ನೂ ಜೊತೆಗಿರುವ ಹೊತ್ತು ಅದು. ಆ ಊರು ಗೊತ್ತಿರುವುದು ಮಗುವಿಗೆ, ಹೊಸಬರು ನೀವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರತಿ ದಿನದ ಏರ್ಪಾಡು ಮಾಡಿಕೊಳ್ಳಿ.

ಮೊದಲು ಕ್ಯಾಲೆಂಡರ್ ನೋಡಿ

ಅಲ್ಲಿ ದತ್ತು ಕೆಲಸ ನೋಡಿಕೊಳ್ಳುವುದು ಐಸಿಬಿಎಫ್ ಎಂಬ ಸರ್ಕಾರಿ ಸಂಸ್ಥೆ. ಮೊದಲು ಮಗುವಿನ ಭೇಟಿ. ಆಮೇಲೆ ಕೆಲವು ದಿನ, ನೀವೂ ಮಗುವೂ ಹೇಗೆ ಹೊಂದಿಕೊಳ್ಳುತ್ತಿದ್ದೀರಿ ಎಂದು ಸಂಸ್ಥೆಯವರು ಗಮನಿಸುತ್ತಾರೆ. ನಂತರ ವಕೀಲರು ಕುಟುಂಬ ನ್ಯಾಯಾಲಯದಲ್ಲಿ ಅರ್ಜಿ ಹಾಕುತ್ತಾರೆ. ತೀರ್ಪು ಬಂದ ಮೇಲೆ ಹೊಸ ಜನನ ಪತ್ರ, ಕೊಲಂಬಿಯಾದ ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ಅಮೆರಿಕದ ರಾಯಭಾರ ಕಚೇರಿಯಲ್ಲಿ ವೀಸಾ. ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಇನ್ನೊಬ್ಬರದು ಭಾರತದ ಪಾಸ್‌ಪೋರ್ಟ್ ಆದರೆ ಕೊಲಂಬಿಯಾಕ್ಕೆ ಹೋಗುವ ನಿಯಮ ಬೇರೆ ಇರುತ್ತದೆ, ಮೊದಲೇ ವಿಚಾರಿಸಿ.

ಡಿಸೆಂಬರ್ 20ರಿಂದ ಜನವರಿ 10ರವರೆಗೆ ಅಲ್ಲಿನ ಕೋರ್ಟುಗಳಿಗೆ ರಜೆ. ಈಸ್ಟರ್‌ಗೆ ಮುಂಚಿನ ವಾರವೂ ಕೆಲಸ ನಡೆಯುವುದಿಲ್ಲ. ಸಾರ್ವಜನಿಕ ರಜೆಗಳು ವರ್ಷಕ್ಕೆ 18, ಅವುಗಳಲ್ಲಿ ಬಹಳಷ್ಟು ಸೋಮವಾರವೇ ಬರುತ್ತವೆ. ಅದಕ್ಕೇ ವಾಪಸಿನ ಟಿಕೆಟ್ ದಿನಾಂಕ ಬದಲಿಸಲು ಆಗುವಂಥದ್ದಿರಲಿ.

ನೌಕರಿಗಾಗಿ ಒಬ್ಬರು ಬೇಗ ಮರಳಬಹುದೇ ಎಂದು ವಕೀಲರನ್ನು ಕೇಳಿಕೊಳ್ಳಿ. ಆದರೆ ಮೊದಲ ಎರಡು ವಾರ ಇಬ್ಬರೂ ಇರಲೇಬೇಕು ಅನ್ನುವುದು ನನ್ನ ಮಾತು. ತನ್ನವರು ಎದ್ದು ಹೋಗಿದ್ದನ್ನು ಈಗಾಗಲೇ ಕಂಡ ಮಗುವಿಗೆ, 'ಅಪ್ಪ ಬೇಗ ಬರ್ತಾರೆ' ಎಂದರೆ ನಂಬಿಕೆ ಹುಟ್ಟುವುದು ಕಷ್ಟ, ಅಲ್ವಾ?

ಮನೆ ಹುಡುಕುವಾಗ

ಹೋಟೆಲ್ ಬೇಡ. ಅಡುಗೆಮನೆ ಇರುವ, ಪಾರ್ಕ್ ಹತ್ತಿರವಿರುವ ಸಣ್ಣ ಅಪಾರ್ಟ್‌ಮೆಂಟ್ ಸಾಕು. ಬೊಗೊಟಾ ಸಮುದ್ರ ಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಮೊದಲ ದಿನಗಳಲ್ಲಿ ಮೆಟ್ಟಿಲು ಹತ್ತಿದರೂ ಏದುಸಿರು ಬರಬಹುದು, ತಲೆ ನೋಯಬಹುದು. ಮಗುವಿನ ಭೇಟಿಗೆ ಎರಡು ಮೂರು ದಿನ ಮುಂಚೆಯೇ ತಲುಪಿ. ವರ್ಷವಿಡೀ ತಂಪು, ಹೆಚ್ಚಿನ ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಸ್ವೆಟರ್ ಮತ್ತು ಒಂದು ಜಾಸ್ತಿ ಕಂಬಳಿ ಬೇಕೇ ಬೇಕು. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ಬೇಳೆ-ಕಾಳು ಬೇಗ ಬೇಯುವುದಿಲ್ಲ. ಮನೆಯಲ್ಲಿ ಪ್ರೆಶರ್ ಕುಕ್ಕರ್ ಇದೆಯೇ ಎಂದು ಬಾಡಿಗೆಗೆ ಹಿಡಿಯುವ ಮುಂಚೆಯೇ ಕೇಳಿ. ನಲ್ಲಿ ನೀರು ಕುಡಿಯಬಹುದು.

ದಾರಿ ಕಲಿಯುವುದು ಸುಲಭ. ಬೆಟ್ಟ ಕಂಡರೆ ಅದು ಪೂರ್ವ. ಬೆಟ್ಟದ ಸಾಲಿಗೆ ಸಮನಾಗಿ ಹೋಗುವ ರಸ್ತೆ 'ಕರೇರಾ', ಅದಕ್ಕೆ ಅಡ್ಡ ಹೋಗುವುದು 'ಕಾಯ್ಯೆ'. ಕಾಯ್ಯೆ 93, 11-27 ಎಂದರೆ 93ನೇ ಅಡ್ಡರಸ್ತೆಯಲ್ಲಿ, 11ನೇ ಕರೇರಾದ ಮೂಲೆಯಿಂದ ಸುಮಾರು 27 ಮೀಟರ್. ಮಗುವನ್ನು ನಿಮಗೆ ಒಪ್ಪಿಸಿದ ಪತ್ರದ ಪ್ರತಿ ಸದಾ ಜೇಬಿನಲ್ಲಿರಲಿ. ತುರ್ತು ಸಹಾಯಕ್ಕೆ 123.

ಭೇಟಿಯ ದಿನ ಕೇಳಬೇಕಾದದ್ದು

ಅವತ್ತು ಎಲ್ಲರ ಕಣ್ಣೂ ಒದ್ದೆ, ಕೈಯಲ್ಲಿ ಕ್ಯಾಮೆರಾ. ಆದರೂ ಮಗುವನ್ನು ಇಷ್ಟು ದಿನ ನೋಡಿಕೊಂಡವರ ಪಕ್ಕ ಕೂತು ಬರೆದುಕೊಳ್ಳಿ. ಎಷ್ಟೊತ್ತಿಗೆ ಮಲಗುತ್ತದೆ? ದೀಪ ಹಚ್ಚಿಟ್ಟಿರಬೇಕೇ? ಯಾವ ಸೋಪು? ಬೆಳಿಗ್ಗೆ ಏನು ಕುಡಿಯುತ್ತದೆ? ಅತ್ತರೆ ಯಾರು, ಹೇಗೆ ಸಮಾಧಾನ ಮಾಡುತ್ತಿದ್ದರು? ಅದೇ ಸೋಪು, ಅದೇ ಹೊತ್ತು ಮುಂದುವರಿಸಿ. ವಿದೇಶಿ ದಂಪತಿಗೆ ಸಾಮಾನ್ಯವಾಗಿ ಸಿಗುವುದು ಸ್ವಲ್ಪ ದೊಡ್ಡ ಮಕ್ಕಳು, ಅಣ್ಣ-ತಂಗಿಯರು, ಇಲ್ಲವೇ ಆರೋಗ್ಯದ ಆರೈಕೆ ಬೇಕಾದವರು. ಅವರಿಗೆ ತಮ್ಮದೇ ಅಭ್ಯಾಸಗಳು ಆಗಲೇ ಇರುತ್ತವೆ.

ಊಟ

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಜಗಳ ಶುರುವಾಗುವುದೂ ನಂಟು ಬೆಳೆಯುವುದೂ ತಟ್ಟೆಯ ಮುಂದೆಯೇ. ಬೊಗೊಟಾದ ಮಧ್ಯಾಹ್ನದ ಊಟದಲ್ಲಿ ಮೊದಲು ಸೂಪು, ಆಮೇಲೆ ಅನ್ನ, ಆಲೂಗಡ್ಡೆ, ಕಾಳು. ಬೆಳಿಗ್ಗೆ ಮೆಕ್ಕೆಜೋಳದ ರೊಟ್ಟಿ 'ಅರೇಪಾ', ಬಿಸಿ ಚಾಕೊಲೇಟ್‌ನಲ್ಲಿ ಚೀಸ್ ತುಂಡು. 'ಪಾನೆಲಾ' ಎಂದರೆ ನಮ್ಮ ಬೆಲ್ಲವೇ. ಅದನ್ನು ನೀರಿನಲ್ಲಿ ಕಾಯಿಸಿ ನಿಂಬೆ ಹಿಂಡಿದರೆ ಬಿಸಿ ಪಾನಕ ಕುಡಿದ ಹಾಗೇ. ಚೆನ್ನಂಗಿ ಬೇಳೆಯಂಥ ಲೆಂತೇಹಾ, ಕೆಂಪು ಕಾಳು, ಬಾಳೆಕಾಯಿ, ಮರಗೆಣಸು, ಕೊತ್ತಂಬರಿ ಎಲ್ಲವೂ ಮಾರುಕಟ್ಟೆಯಲ್ಲಿವೆ. ಹಾಗಾಗಿ ಸಸ್ಯಾಹಾರಿಗಳು ಮನೆಯಲ್ಲಿ ಸುಖವಾಗಿ ಅಡುಗೆ ಮಾಡಿಕೊಳ್ಳಬಹುದು. ಹೊರಗೆ ತಿನ್ನುವಾಗ ಮಾತ್ರ 'ಮಾಂಸ ಬೇಡ' ಎಂದರೆ ಸಾಲದು. ಕೋಳಿ, ಹಂದಿ, ಮೀನು ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ಕಾಳಿನ ಪಲ್ಯದಲ್ಲೂ ಹಂದಿಮಾಂಸ ಇರುವುದುಂಟು.

ಆದರೆ ಮಗು? 'ಅಹಿಯಾಕೊ' ಎಂಬ ಕೋಳಿ-ಆಲೂಗಡ್ಡೆ ಸೂಪು ತಿಂದು ಬೆಳೆದ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಬೇಡಿ. ಮನೆಯಲ್ಲಿ ಬೇಯಿಸಲು ಮನಸ್ಸು ಒಪ್ಪದಿದ್ದರೆ ಹೊರಗಿನಿಂದ ತಂದುಕೊಡಿ. ಸಾರು-ಅನ್ನ ನಿಧಾನಕ್ಕೆ ಪರಿಚಯವಾಗುತ್ತದೆ. ಮಗು ಬ್ರೆಡ್ ತುಂಡನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಬೈಯಬೇಡಿ. ಕೈಗೆ ಸಿಗುವ ಜಾಗದಲ್ಲಿ ಹಣ್ಣು ಇಡಿ, ಯಾವಾಗ ಬೇಕಾದರೂ ತಿನ್ನಬಹುದು ಎಂದು ತೋರಿಸಿ.

ದಿನ ಹೇಗೆ ಕಳೆಯಬೇಕು

ಊರು ಸುತ್ತುವ ಪಟ್ಟಿ ಮಾಡಬೇಡಿ. ದಿನವೂ ಅದೇ ಪಾರ್ಕ್, ಅದೇ ಮೂಲೆ ಅಂಗಡಿ ಸಾಕು. ಅಂಗಡಿಯಲ್ಲಿ ಹಾಲು ಕೇಳುವ ಕೆಲಸ ಮಗುವಿಗೆ ಕೊಡಿ, ಪಕ್ಕದಲ್ಲಿ ನಿಂತು ನೀವು ಸ್ಪ್ಯಾನಿಷ್ ಕಲಿಯಿರಿ. ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ದೊಡ್ಡ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ, ನಡೆಯುವವರಿಗೆ ಬಿಡುತ್ತಾರೆ. ಇದಕ್ಕೆ 'ಸಿಕ್ಲೋವಿಯಾ' ಎಂದು ಹೆಸರು. ಸುಮ್ನೆ ಹೋಗಿ ನಡೆಯಿರಿ.

ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕಾಯುತ್ತಿರುವ ಅಜ್ಜಿ-ತಾತನಿಗೆ ಮೊಮ್ಮಗುವನ್ನು ನೋಡುವ ಆಸೆ ಸಹಜ. ಆದರೂ ವಿಡಿಯೊ ಕಾಲ್ ಐದು ನಿಮಿಷ ಸಾಕು, ಒಂದು ಸಲಕ್ಕೆ ಒಂದೇ ಮನೆ. ಹತ್ತು ಹೊಸ ಮುಖಗಳಿಗೆ ನಗು ಎಂದು ಮಗುವನ್ನು ಪೀಡಿಸಬೇಡಿ.

ಮಗು ನಿಮ್ಮಲ್ಲಿ ಒಬ್ಬರನ್ನೇ ಅಂಟಿಕೊಂಡು ಇನ್ನೊಬ್ಬರನ್ನು ದೂರ ತಳ್ಳಬಹುದು, ರಾತ್ರಿ ಕಿರುಚಬಹುದು. ಸಂಸ್ಥೆಯವರು ಬರೆಯುವ ವರದಿ ಕೆಡುತ್ತದೆಂದು ಹೆದರಿ ಇದನ್ನು ಮುಚ್ಚಿಡಬೇಡಿ. ನೋಡಲು ಬರುವ ಮನಃಶಾಸ್ತ್ರಜ್ಞರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಸಹಾಯ ಸಿಗುವುದು ಅವರಿಂದಲೇ.

ಹೊರಡುವ ಮುಂಚೆ

ವೀಸಾ ಕೈಗೆ ಬಂದ ಕೂಡಲೇ ಓಡಬೇಡಿ. ಸಂಸ್ಥೆಯವರ ಒಪ್ಪಿಗೆ ಪಡೆದು, ಮಗುವನ್ನು ಸಾಕಿದವರಿಗೆ, ಅದರ ಗೆಳೆಯರಿಗೆ ವಿದಾಯ ಹೇಳಿಸಿ. ಅವರ ಫೋಟೊಗಳನ್ನು ಮಗುವಿನ ಹೆಸರಿನ ಆಲ್ಬಮ್‌ನಲ್ಲಿ ಹಾಕಿಡಿ. ಪಾನೆಲಾ, ಅರೇಪಾ ಹಿಟ್ಟು ಅಮೆರಿಕದ ಲ್ಯಾಟಿನೊ ಅಂಗಡಿಗಳಲ್ಲೂ ಸಿಗುತ್ತವೆ. ನಿಮ್ಮ ಮನೆಗೆ ಹತ್ತಿರದ್ದು ಯಾವುದೆಂದು ವಿಮಾನ ಹತ್ತುವ ಮೊದಲೇ ನೋಡಿಟ್ಟುಕೊಳ್ಳಿ.